‘ಅಪ್ಪನ ದುಡ್ಡು, ನಿನ್ನದಲ್ಲವಲ್ಲ’ ಎನ್ನುವ ಮಗ

ಪ್ರಶ್ನೆ: ಗಂಡ ದುಬೈಯಲ್ಲಿದ್ದಾರೆ. ಮಗನಿಗೆ 17, ಪ್ಲಸ್ ಟು ಓದುತ್ತಿದ್ದಾನೆ. ಈಗ ಬೈಕ್ ಬೇಕಂತೆ. ನಾನು ಬೇಡ ಎಂದರೆ, ‘ಅದು ಅಪ್ಪ ಕಳಿಸುವ ದುಡ್ಡು, ನಿನ್ನದಲ್ಲವಲ್ಲ’ ಎನ್ನುತ್ತಾನೆ. ಮಾತು ಬಿಡುತ್ತಾನೆ, ಊಟ ಬಿಡುತ್ತಾನೆ. ಕೊನೆಗೆ ಅಪ್ಪನಿಗೆ ಕಾಲ್ ಮಾಡಿ ಒಪ್ಪಿಸಿಬಿಡುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಬೈಕಿನ ವಿಷಯ ಮೊದಲು ಮುಗಿಸೋಣ. 18 ತುಂಬದೆ ಗೇರ್ ಬೈಕಿಗೆ ಲೈಸೆನ್ಸ್ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅವನು ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಅದೂ ಅವನಿಗಲ್ಲ, ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ. ಅವನಿಗೆ 25 ಆಗುವವರೆಗೆ ಲೈಸೆನ್ಸೂ ಸಿಗುವುದಿಲ್ಲ. ಇದರಲ್ಲಿ ಚರ್ಚೆಯೇ ಬೇಡ.

ನನಗೆ ಚಿಂತೆಯಾದದ್ದು ‘ನಿನ್ನದಲ್ಲವಲ್ಲ’ ಎಂಬ ಮಾತು. ಸಂಬಳ ತರುವವರ ಮಾತಿಗಷ್ಟೇ ಬೆಲೆ ಎಂದು ಹುಡುಗ ತೀರ್ಮಾನಿಸಿದ್ದಾನೆ. ಗಲ್ಫ್ ಮನೆಗಳಲ್ಲಿ ಇದು ಅಪರೂಪವಲ್ಲ. ಮಕ್ಕಳ ಜೊತೆ ಇರಲಾಗಲಿಲ್ಲ ಎಂಬ ಬೇಜಾರನ್ನು ಅಪ್ಪಂದಿರು ದುಡ್ಡಿನಲ್ಲಿ ತೀರಿಸುತ್ತಾರೆ. ಅಲ್ಲಿನ ಬಿಸಿಲು, ಓವರ್‌ಟೈಮ್ ಮಗನಿಗೆ ಕಾಣುವುದಿಲ್ಲ. ಕಾಣುವುದು ಮೊಬೈಲಿಗೆ ಬರುವ ಬ್ಯಾಂಕಿನ ಮೆಸೇಜ್ ಮಾತ್ರ.

ಇನ್ನು ಹಠ. ಮೂರು ದಿನ ‘ಇಲ್ಲ’ ಎಂದು ನಾಲ್ಕನೇ ದಿನ ‘ಹೂಂ’ ಎಂದರೆ, ಮೂರು ದಿನ ಊಟ ಬಿಟ್ಟರೆ ಕೆಲಸ ಆಗುತ್ತದೆ ಎಂದು ನಾವೇ ಕಲಿಸಿದ ಹಾಗೆ. ಆಮೇಲೆ ನೀವು ಗಟ್ಟಿ ನಿಂತರೆ ಮೊದಮೊದಲು ರಂಪ ಜಾಸ್ತಿಯೇ ಆಗುತ್ತದೆ. ಆಗ ಸೋಲಬೇಡಿ. ಆದರೆ ಜೀವಕ್ಕೆ ಏನಾದರೂ ಮಾಡಿಕೊಳ್ಳುತ್ತೇನೆ ಎಂದರೆ ಸುಮ್ನೆ ಹೆದರಿಸುತ್ತಾನೆ ಎಂದುಕೊಳ್ಳದೆ ಕೂಡಲೇ ಮನೋವೈದ್ಯರಿಗೆ ತೋರಿಸಿ.

ಮಗ ಇಲ್ಲದ ಹೊತ್ತಲ್ಲಿ ಗಂಡನ ಜೊತೆ ಮಾತಾಡಿ. ಇನ್ನು ಕಾಲ್ ಬಂದಾಗ ಅವರು ಹೇಳಬೇಕಾದ್ದು ಒಂದೇ: ‘ಮನೆಯ ಖರ್ಚು ಅಮ್ಮ ನೋಡಿಕೊಳ್ಳುವುದು, ಅವಳನ್ನೇ ಕೇಳು.’ ಇದು ಅಪ್ಪನ ಬಾಯಿಂದಲೇ ಬರಬೇಕು. ನೀವು ನೂರು ಸಲ ಹೇಳಿದರೂ ಅಷ್ಟು ನಾಟುವುದಿಲ್ಲ.

ಒಂದು ತಿಂಗಳ ಲೆಕ್ಕವನ್ನು ಅವನ ಕೈಯಲ್ಲೇ ಬರೆಸಿ. ಹಾಲು, ಗ್ಯಾಸ್, ಕರೆಂಟ್ ಬಿಲ್, ತೋಟವಿದ್ದರೆ ಅಡಿಕೆಗೆ ಮದ್ದು ಬಿಡುವವರ ಕೂಲಿ, ಸಾಲದ ಕಂತು. ಏನನ್ನೂ ಮುಚ್ಚಿಡಬೇಡಿ. ಅವನ ಖರ್ಚಿಗೆ ತಿಂಗಳಿಗೆ ಇಷ್ಟು ಎಂದು ಕೊಟ್ಟುಬಿಡಿ. ತಟ್ಟೆ ತೊಳೆದದ್ದಕ್ಕೆ, ಅಂಗಡಿಗೆ ಹೋದದ್ದಕ್ಕೆ ದುಡ್ಡು ಬೇಡ, ಅದು ಮನೆಗೆಲಸ. 20ನೇ ತಾರೀಕಿಗೇ ಜೇಬು ಖಾಲಿಯಾದರೆ ಬೈಯಬೇಡಿ, ಮುಂಗಡವೂ ಕೊಡಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಎಲೆಅಡಿಕೆ ಚೀಲದಿಂದ ಗುಟ್ಟಾಗಿ ನೋಟು ತೆಗೆದುಕೊಡದ ಹಾಗೆ ಅವರಿಗೂ ಮೊದಲೇ ಹೇಳಿಡಿ.