ಗುಲಾಮ ವ್ಯಾಪಾರ: ಮಾರಿದವರು ಯಾರು, ಬಂಡವಾಳ ಹೂಡಿದವರು ಯಾರು?

ಪ್ರಶ್ನೆ: ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರದ ಮಾತು ಬಂದಾಗಲೆಲ್ಲ, ‘ಆಫ್ರಿಕಾದವರೇ ತಮ್ಮವರನ್ನು ಮಾರಿದರು, ಯುರೋಪಿನವರು ಕೊಂಡರು, ಅಷ್ಟೇ’ ಎಂದು ವಾದಿಸುವವರಿದ್ದಾರೆ. ಇದು ಎಷ್ಟರಮಟ್ಟಿಗೆ ಸರಿ? ಹಡಗುಗಳಲ್ಲೇ ಅಷ್ಟೊಂದು ಜನ ಸತ್ತದ್ದೇಕೆ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಂಗೋಲಾದಲ್ಲಿ ಲುವಾಂಡಾವನ್ನು ನೆಲೆಯಾಗಿಸಿಕೊಂಡು ಪೋರ್ಚುಗೀಸರು ನಡೆಸಿದ ಯುದ್ಧಗಳನ್ನು ಬಿಟ್ಟರೆ, ಯುರೋಪಿನ ವರ್ತಕರು ಒಳನಾಡಿಗೆ ನುಗ್ಗಿ ಜನರನ್ನು ಹಿಡಿದದ್ದು ಕಡಿಮೆ ಎಂಬುದು ನಿಜ. ಅಲ್ಲಿನ ರೋಗಗಳೂ ಬಲಿಷ್ಠ ರಾಜ್ಯಗಳೂ ಅವರನ್ನು ಕರಾವಳಿಯಲ್ಲೇ ತಡೆದು ನಿಲ್ಲಿಸಿದ್ದವು. 1727ರಲ್ಲಿ ವೀದಾ ಬಂದರನ್ನು ಗೆದ್ದ ದಹೋಮಿಯಂಥ ರಾಜ್ಯಗಳು ಯುದ್ಧದಲ್ಲಿ ಸೆರೆಸಿಕ್ಕವರನ್ನು ಮಾರಿ ಸಂಪತ್ತು ಗಳಿಸಿದ್ದೂ ನಿಜ. ಆದರೆ ‘ತಮ್ಮವರನ್ನು’ ಎಂಬ ಮಾತು ಅಲ್ಲಿಗೆ ಹೊಂದುವುದಿಲ್ಲ. ದಹೋಮಿಯ ಸೈನಿಕನ ಪಾಲಿಗೆ ಸೆರೆಯಾಳು ಬೇರೊಂದು ರಾಜ್ಯದ, ಬೇರೊಂದು ಭಾಷೆಯ ಶತ್ರುವಾಗಿದ್ದನು. ಈ ವ್ಯಾಪಾರವನ್ನು ಎಲ್ಲರೂ ಒಪ್ಪಿದ್ದರು ಎಂದೂ ಭಾವಿಸಬಾರದು. ವರ್ತಕರು ಪ್ರಜೆಗಳನ್ನಷ್ಟೇ ಅಲ್ಲದೆ ಗಣ್ಯರ ಮಕ್ಕಳನ್ನೂ ತನ್ನ ಬಂಧುಗಳನ್ನೂ ಹಿಡಿದೊಯ್ಯುತ್ತಿದ್ದಾರೆಂದು ಕಾಂಗೋ ರಾಜ್ಯದ ದೊರೆ ಒಂದನೆಯ ಅಫೋನ್ಸೊ 1526ರಲ್ಲಿಯೇ ಪೋರ್ಚುಗಲ್ಲಿನ ರಾಜನಿಗೆ ದೂರಿ ಬರೆದಿದ್ದನು.

ಕೈಬದಲಾದದ್ದು ಆಫ್ರಿಕಾದ ಕರಾವಳಿಯಲ್ಲಿ. ಬೇಡಿಕೆ, ಬಂಡವಾಳ, ಹಡಗು, ವಿಮೆ ಎಲ್ಲವೂ ಬಂದದ್ದು ಲಿವರ್‌ಪೂಲ್, ಬ್ರಿಸ್ಟಲ್, ನಾಂಟ್, ಲಿಸ್ಬನ್ ನಗರಗಳಿಂದ ಹಾಗೂ ಬ್ರೆಜಿಲ್ಲಿನ ಬಂದರುಗಳಿಂದ. ಆ ಕೊಂಡಿಯ ಬಿಗಿ ಎಷ್ಟಿತ್ತೆಂಬುದಕ್ಕೆ ಇಂದಿನ ನೈಜೀರಿಯಾದ ಓಲ್ಡ್ ಕ್ಯಾಲಬಾರ್ ಒಂದು ಸಾಕ್ಷಿ. ಅಲ್ಲಿ ಹಡಗಿನ ಕಪ್ತಾನರು ಸರಕನ್ನು ಮುಂಗಡವಾಗಿ ಸಾಲ ಕೊಡುತ್ತಿದ್ದರು. ಸ್ಥಳೀಯ ವರ್ತಕರು ಅದಕ್ಕೆ ಒತ್ತೆಯಾಗಿ ತಮ್ಮ ಬಂಧುಗಳನ್ನೇ ಹಡಗಿನಲ್ಲಿ ಬಿಡುತ್ತಿದ್ದರು. ಹೇಳಿದ ಅವಧಿಯೊಳಗೆ ಗುಲಾಮರನ್ನು ತಂದೊಪ್ಪಿಸದಿದ್ದರೆ ಆ ಬಂಧುಗಳೇ ಗುಲಾಮರಾಗುವ ಅಪಾಯವಿತ್ತು. ಕೊಟ್ಟ ಸರಕಿನಲ್ಲಿ ಬಂದೂಕು, ಮದ್ಯ, ಕಬ್ಬಿಣದ ಜೊತೆಗೆ ಗುಜರಾತ್ ಮತ್ತು ಕೋರಮಂಡಲ ಕರಾವಳಿಯ ಹತ್ತಿಬಟ್ಟೆಯೂ ಮಾಲ್ಡೀವ್ಸಿನ ಕವಡೆಯೂ ಹೇರಳವಾಗಿದ್ದವು. ತಾನು ನೇಯ್ದ ಬಟ್ಟೆ ಯಾವುದಕ್ಕೆ ಬೆಲೆಯಾಗಿ ಹೋಗುತ್ತಿದೆಯೆಂಬುದು ಇಲ್ಲಿನ ನೇಕಾರನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಇನ್ನು ಸಾವಿನ ವಿಚಾರ. ಸುಮಾರು ಮೂರೂವರೆ ಶತಮಾನಗಳಲ್ಲಿ ಅಂದಾಜು 1 ಕೋಟಿ 25 ಲಕ್ಷ ಜನರನ್ನು ಹಡಗು ಹತ್ತಿಸಲಾಯಿತು. ಜೀವಂತವಾಗಿ ಇಳಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷ ಜನರಿಗೆ ಸಮುದ್ರವೇ ಸಮಾಧಿಯಾಯಿತು. ಒಳನಾಡಿನಿಂದ ಕರಾವಳಿಗೆ ನಡೆಸಿಕೊಂಡು ಬರುವಾಗ ಮತ್ತು ಕೋಟೆಗಳ ನೆಲಮಾಳಿಗೆಯಲ್ಲಿ ಸತ್ತವರು ಈ ಲೆಕ್ಕದಲ್ಲಿಲ್ಲ. ಹಡಗು ತುಂಬುವವರೆಗೆ ಎಷ್ಟೋ ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ತೀರದಲ್ಲೇ ಲಂಗರು ಹಾಕಿರುತ್ತಿದ್ದುದರಿಂದ, ಮೊದಲು ಹತ್ತಿದವರು ಯಾನ ಆರಂಭವಾಗುವ ಮುನ್ನವೇ ಸೊರಗಿರುತ್ತಿದ್ದರು. ಗಂಡಸರನ್ನು ಇಬ್ಬಿಬ್ಬರಾಗಿ ಸಂಕೋಲೆ ಹಾಕಿ, ಎದ್ದು ಕೂರಲೂ ಎತ್ತರವಿಲ್ಲದ ಹಲಗೆಗಳ ಮೇಲೆ ಮಲಗಿಸುತ್ತಿದ್ದರು. ಮಲಮೂತ್ರ ಅಲ್ಲೇ, ಕುಡಿಯುವ ನೀರು ಅಳತೆಯಷ್ಟೇ. ಅತಿ ಹೆಚ್ಚು ಜನರನ್ನು ಕೊಂದದ್ದು ರಕ್ತಭೇದಿ. ಉಪವಾಸ ಕುಳಿತವರ ಬಾಯನ್ನು ಕಬ್ಬಿಣದ ಸಾಧನದಿಂದ ತೆರೆಸಿ ಗಂಜಿ ಸುರಿಯುತ್ತಿದ್ದರು, ಸಮುದ್ರಕ್ಕೆ ಹಾರದಂತೆ ಹಡಗಿನ ಸುತ್ತ ಬಲೆ ಕಟ್ಟುತ್ತಿದ್ದರು. ಇಷ್ಟೆಲ್ಲ ಕಾವಲಿದ್ದರೂ ಸುಮಾರು ಹತ್ತರಲ್ಲಿ ಒಂದು ಯಾನದಲ್ಲಿ ಸೆರೆಯಾಳುಗಳು ಬಂಡೆದ್ದರು ಎಂಬುದನ್ನು ನಾವು ಮರೆಯಬಾರದು.

1781ರ ಝಾಂಗ್ ಎಂಬ ಬ್ರಿಟಿಷ್ ಗುಲಾಮ ಹಡಗಿನ ಪ್ರಕರಣವನ್ನು ನೀವು ಬಿಡಿಸಿ ಓದಬೇಕು. ಹೊರಬಹುದಾದುದಕ್ಕಿಂತ ಬಹಳ ಹೆಚ್ಚು, ಅಂದರೆ 442 ಮಂದಿಯನ್ನು ತುಂಬಿಕೊಂಡು ಹೊರಟ ಈ ಹಡಗು ದಾರಿ ತಪ್ಪಿ ಜಮೈಕಾವನ್ನು ದಾಟಿ ಮುಂದೆ ಹೋಯಿತು. ನೀರು ಸಾಲದೆಂಬ ನೆಪವೊಡ್ಡಿ ಸಿಬ್ಬಂದಿ 130ಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ರೋಗದಿಂದ ಸತ್ತರೆ ನಷ್ಟ ಮಾಲೀಕರದು, ಹಡಗನ್ನು ಉಳಿಸಲು ‘ಸರಕು’ ಎಸೆದರೆ ವಿಮೆಯವರದು. ಆದ್ದರಿಂದ ಮಾಲೀಕರು ತಲೆಗೆ 30 ಪೌಂಡಿನಂತೆ ಪರಿಹಾರ ಕೇಳಿದರು ಮತ್ತು ಮೊದಲ ವಿಚಾರಣೆಯಲ್ಲಿ ಗೆದ್ದರು. ಎಸೆಯುತ್ತಿದ್ದ ದಿನಗಳಲ್ಲಿಯೇ ಮಳೆ ಬಿದ್ದಿತ್ತೆಂಬ ಸಾಕ್ಷ್ಯ ಹೊರಬಿದ್ದ ಮೇಲೆ, 1783ರಲ್ಲಿ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡರ ಪೀಠ ಮರುವಿಚಾರಣೆಗೆ ಆದೇಶಿಸಿತು. ಅದು ನಡೆದ ದಾಖಲೆ ಸಿಕ್ಕಿಲ್ಲ, ಕೊಲೆಯ ಆರೋಪವನ್ನಂತೂ ಯಾರೂ ಎದುರಿಸಲಿಲ್ಲ. ಈ ಸುದ್ದಿಯನ್ನು ಹೋರಾಟಗಾರ ಗ್ರ್ಯಾನ್‌ವಿಲ್ ಶಾರ್ಪರಿಗೆ ಮುಟ್ಟಿಸಿದವರು ಸ್ವತಃ ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಒಲೌಡಾ ಎಕ್ವಿಯಾನೊ.

ದಡ ಸೇರಿದವರ ಬದುಕೂ ದೀರ್ಘವಾಗಿರಲಿಲ್ಲ. ಜಮೈಕಾದಲ್ಲಿ ಸುಮಾರು 10 ಲಕ್ಷ ಆಫ್ರಿಕನ್ನರು ಇಳಿದರು, ಅವರಲ್ಲಿ ಕೆಲವರು ಬೇರೆ ವಸಾಹತುಗಳಿಗೆ ಮರುಮಾರಾಟವಾದರು. ಆದರೆ 1834ರಲ್ಲಿ ಗುಲಾಮಗಿರಿ ರದ್ದಾದಾಗ ಅಲ್ಲಿದ್ದ ಗುಲಾಮರು 3 ಲಕ್ಷಕ್ಕಿಂತ ತುಸು ಹೆಚ್ಚು ಮಾತ್ರ. ಕಬ್ಬಿನ ತೋಟಗಳಲ್ಲಿ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚಾಗಿದ್ದುದರಿಂದ ಹೊಸ ಹಡಗುಗಳು ಬರುತ್ತಲೇ ಇರಬೇಕಾಗಿತ್ತು.

ಇನ್ನು ಇದರ ಲಾಭ ಯಾರಿಗೆ ಹೋಯಿತೆಂಬ ಪ್ರಶ್ನೆಗೆ ಬ್ರಿಟನ್ ಸರ್ಕಾರದ ಕಡತಗಳೇ ಉತ್ತರ ಕೊಡುತ್ತವೆ. ಗುಲಾಮಗಿರಿಯನ್ನು ರದ್ದುಪಡಿಸಿದ 1833ರ ಕಾಯಿದೆಯಂತೆ 2 ಕೋಟಿ ಪೌಂಡ್ ಪರಿಹಾರವನ್ನು ಗುಲಾಮರ ಮಾಲೀಕರಿಗೆ ಹಂಚಲು ನಿಗದಿಪಡಿಸಲಾಯಿತು. ಸುಮಾರು 46 ಸಾವಿರ ಅರ್ಜಿಗಳು ಬಂದವು, ಅರ್ಜಿದಾರರಲ್ಲಿ ಬ್ರಿಟನ್ನಿನಲ್ಲೇ ನೆಲೆಸಿದ್ದ ಪಾದ್ರಿಗಳೂ ವಿಧವೆಯರೂ ಇದ್ದರು. ಅದಕ್ಕೆಂದು ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಬಹುತೇಕ ವಸಾಹತುಗಳಲ್ಲಿ 1838ರವರೆಗೆ ಅವರು ‘ತರಬೇತಿ’ಯ ಹೆಸರಿನಲ್ಲಿ ಅದೇ ಮಾಲೀಕರಿಗೆ ಸಂಬಳವಿಲ್ಲದೆ ದುಡಿಯಬೇಕಾಯಿತು.