ಕಾಟ ಕೊಟ್ಟರೂ ಸೋಲೋದು ಯಾಕೆ?

ಪ್ರಶ್ನೆ: ಏಜ್ ಆಫ್ ಎಂಪೈರ್ಸ್ 2 ಅನ್ನೋ ಕಂಪ್ಯೂಟರ್ ಯುದ್ಧದಾಟ ಆಡುತ್ತೇನೆ. ಶುರುವಿನಲ್ಲೇ ಸ್ಕೌಟ್ ಕುದುರೆಗಳನ್ನು ನುಗ್ಗಿಸಿ ಎದುರಾಳಿಗೆ ಕಾಟ ಕೊಡುತ್ತೇನೆ. ಅವನ ಕಡೆ ಮರ ಕಡಿಯುವ, ಗಣಿ ಅಗೆಯುವ ನಾಲ್ಕೈದು ವಿಲೇಜರ್‌ಗಳನ್ನು ಕೊಂದಿರುತ್ತೇನೆ. ಆದರೂ ದೊಡ್ಡ ಕಾಳಗದಲ್ಲಿ ಸೋಲುವವನು ನಾನೇ. ತಪ್ಪು ಎಲ್ಲಿ ಸರ್?
— ಒಬ್ಬ ಓದುಗ, ಮಂಡ್ಯ

ಉತ್ತರ: ಎಷ್ಟು ಜನ ಸತ್ತರು ಅಂತ ಎಣಿಸುತ್ತಿದ್ದೀರಿ, ಎದುರಾಳಿಯ ಸೈನ್ಯ ಎಲ್ಲಿಗೆ ಹೊರಟಿತು ಅಂತ ನೋಡುತ್ತಿಲ್ಲ. ಕಾಟ ಕೊಟ್ಟು ಸಿಗುವ ದೊಡ್ಡ ಲಾಭ ಅದೇ, ಅವನು ನಿಮಗೆ ಬೇಕಾದ ಜಾಗಕ್ಕೆ ಬರುತ್ತಾನೆ.

ಮೊದಲು ಜಾಗ ಹುಡುಕಿ. ಈ ಆಟದಲ್ಲಿ ಎತ್ತರದಲ್ಲಿ ನಿಂತು ಹೊಡೆದರೆ ಪೆಟ್ಟು 25% ಜಾಸ್ತಿ, ಕೆಳಗಿನಿಂದ ಮೇಲಕ್ಕೆ ಹೊಡೆದರೆ 25% ಕಡಿಮೆ. ಹಾಗಾಗಿ ಅವನ ಚಿನ್ನದ ಗಣಿ ಪಕ್ಕ ಒಂದು ದಿಬ್ಬ ಇದ್ದರೆ ಬಿಡಲೇಬೇಡಿ. ಮೂರು ಸ್ಕೌಟ್‌ಗಳನ್ನು ಊರಿನ ಆಚೆ ಬದಿ, ಮರ ಕಡಿಯುವವರ ಮೇಲೆ ಬಿಡಿ. ಅವನ ಈಟಿಯವರೆಲ್ಲ ಅತ್ತ ಓಡುತ್ತಾರೆ. ಅಷ್ಟರಲ್ಲಿ ನಿಮ್ಮ ಬಿಲ್ಲುಗಾರರು ದಿಬ್ಬ ಹತ್ತಿ ನಿಂತಿರಲಿ. ಚಿನ್ನ ಇಲ್ಲದೆ ಅವನ ಆಟ ನಡೆಯೋದಿಲ್ಲ, ಆದ್ದರಿಂದ ವಾಪಸ್ ಬಂದೇ ಬರುತ್ತಾನೆ, ದೂರದಿಂದ ಓಡಿ ಬಂದು ಚದುರಿಹೋದ ಸೈನ್ಯ ಇಟ್ಟುಕೊಂಡು ದಿಬ್ಬ ಹತ್ತಬೇಕಾಗುತ್ತದೆ ಅಲ್ವಾ.

ಈಟಿಯವರು ಹತ್ತಿರ ಬಂದರೆ ಸ್ಕೌಟ್‌ಗಳು ಕಾದಾಡೋದು ಬೇಡ, ಓಡಲಿ. ಎಲ್ಲರೂ ಎಡವೋದು ಇಲ್ಲೇ: ಸೀದಾ ಮನೆಗೆ ಓಡಿಸುತ್ತಾರೆ. ದಿಬ್ಬದ ಕಡೆಗೇ ಓಡಿಸಿ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಚಿತ್ರ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆ ನೋಡಿ, 1780ರ ಪೊಲ್ಲಿಲೂರು ಕಾಳಗ. ಚೌಕಾಕಾರವಾಗಿ ನಿಂತ ಇಂಗ್ಲಿಷ್ ಪಡೆ, ನಡುವೆ ಪಲ್ಲಕ್ಕಿಯಲ್ಲಿ ಅದರ ನಾಯಕ ಬೈಲಿ, ಸುತ್ತ ಮೈಸೂರಿನ ಕುದುರೆಗಳು. ಬೈಲಿ ಕಂಚಿಯ ಕಡೆ ಇದ್ದ ಇನ್ನೊಬ್ಬ ಇಂಗ್ಲಿಷ್ ದಳಪತಿ ಮನ್ರೋ ಸೈನ್ಯವನ್ನು ಸೇರಿಕೊಳ್ಳಬೇಕಿತ್ತು. ದಾರಿಯಲ್ಲೇ ಟಿಪ್ಪು ತಡೆದು ಹಿಡಿದ, ಹೈದರಾಲಿಯ ಮುಖ್ಯ ಸೈನ್ಯ ಬಂತು, ಬೈಲಿ ಸಿಕ್ಕಿಬಿದ್ದ. ನನಗಂತೂ ಆ ಗೋಡೆ ಮುಂದೆ ನಿಂತಾಗಲೆಲ್ಲ ಆ ಚೌಕದ ಮೇಲೇ ಕಣ್ಣು ಹೋಗುತ್ತದೆ, ಎತ್ತ ಹೋಗಲೂ ದಾರಿ ಇಲ್ಲ.

ಇನ್ನೊಂದು ಮಾತು. ಕುದುರೆ ಓಡಿಸುವ ಗಡಿಬಿಡಿಯಲ್ಲಿ ನಿಮ್ಮ ಟೌನ್ ಸೆಂಟರ್, ಅಂದರೆ ಊರಿನ ಮುಖ್ಯ ಕಟ್ಟಡ, ಸುಮ್ನೆ ಕೂತಿರಬಾರದು, ವಿಲೇಜರ್ ಹುಟ್ಟುತ್ತಲೇ ಇರಬೇಕು. ಸೋತ ಆಟದ ರೆಕಾರ್ಡಿಂಗ್ ಹಾಕಿ, ನಿಮ್ಮ ಸ್ಕೌಟ್‌ಗಳು ಎಲ್ಲಿ ಸತ್ತವು ನೋಡಿ. ಅವನ ಟೌನ್ ಸೆಂಟರ್ ಬಾಣದ ಅಳತೆಯಲ್ಲೇ ಸತ್ತಿದ್ದರೆ, ಜಾಗ ಆರಿಸಿದ್ದು ಅವನೇ.