ವಾರದ ದಿನ ಸುತ್ತಾಟಕ್ಕೆ ಯಾರನ್ನೂ ಕಾಯಬೇಡಿ

ಪ್ರಶ್ನೆ: ಅಕ್ಕಾ, ಮದುವೆಯಾಗಿ ದಾವಣಗೆರೆಯಿಂದ ಲೀಡ್ಸ್‌ಗೆ ಬಂದಿದ್ದೇನೆ. ನನ್ನವರು ಬೆಳಗ್ಗೆ ಆಫೀಸಿಗೆ ಹೊರಟರೆ ಮನೆ ಸೇರುವುದು ಸಂಜೆ ಕಳೆದ ಮೇಲೆ. ಶನಿವಾರ ದಿನಸಿ, ಬಟ್ಟೆ, ಮನೆಗೆಲಸಕ್ಕೇ ಸರಿಹೋಗುತ್ತದೆ. ಭಾನುವಾರ ಅವರಿಗೆ ಸುಸ್ತು. ಊರಿಂದ ಫೋನ್ ಮಾಡಿದವರೆಲ್ಲ "ಇಂಗ್ಲೆಂಡಿನಲ್ಲಿ ಏನೇನು ನೋಡಿದೆ?" ಅಂತ ಕೇಳುತ್ತಾರೆ. ಹೇಳೋಕೆ ಏನೂ ಇಲ್ಲ. ಒಬ್ಬಳೇ ಹೋಗಲು ಭಯ, ಖರ್ಚಿನ ಯೋಚನೆ ಬೇರೆ. ಏನು ಮಾಡಲಿ?
– ಹೆಸರು ಬೇಡ, ಲೀಡ್ಸ್

ಉತ್ತರ: ನಾನೂ ಡಿಪೆಂಡೆಂಟ್ ವೀಸಾದಲ್ಲೇ ಇಲ್ಲಿಗೆ ಬಂದವಳು. ಅದಕ್ಕೇ ನಿಮ್ಮ ಪತ್ರವನ್ನು ಮೊದಲಿಗೆ ಇಟ್ಟುಕೊಂಡೆ. ನೀವು ಶನಿವಾರಕ್ಕೆ, ಭಾನುವಾರಕ್ಕೆ ಕಾಯುತ್ತಾ ಕೂತಿದ್ದೀರಿ. ಕಾಯಬೇಡಿ. ಸೋಮವಾರದಿಂದ ಶುಕ್ರವಾರದವರೆಗಿನ ಹಗಲು ಪೂರ್ತಿ ನಿಮ್ಮದು. ರೈಲಿನಲ್ಲಿ ಸೀಟು ಸಿಗುತ್ತದೆ, ಜನ ಕಡಿಮೆ, ಟಿಕೆಟ್ಟೂ ಅಗ್ಗ. ಬೆಳಗ್ಗೆ ಒಂಬತ್ತೂವರೆ ದಾಟಿದ ಮೇಲೆ 'ಆಫ್‌ಪೀಕ್ ಡೇ ರಿಟರ್ನ್' ಕೇಳಿ, ಅಂದರೆ ನೂಕುನುಗ್ಗಲಿಲ್ಲದ ಹೊತ್ತಿನಲ್ಲಿ ಅದೇ ದಿನ ಹೋಗಿಬರುವ ಟಿಕೆಟ್ಟು. ಸಂಜೆ ಆಫೀಸು ಬಿಡುವ ಹೊತ್ತಿನ ಕೆಲವು ರೈಲಿಗೆ ಅದು ನಡೆಯುವುದಿಲ್ಲ, ಕೊಳ್ಳುವಾಗಲೇ ವಿಚಾರಿಸಿಕೊಳ್ಳಿ.

ಲಂಡನ್, ಸ್ಟೋನ್‌ಹೆಂಜ್ ಎಲ್ಲ ಆಮೇಲೆ ನೋಡಿದರಾಯ್ತು. ಅವು ಎಲ್ಲೂ ಓಡಿ ಹೋಗುವುದಿಲ್ಲ, ಅಪ್ಪ ಅಮ್ಮ ಬಂದಾಗ ಹೇಗೂ ಹೋಗಲೇಬೇಕು. ಮೊದಲು ನಿಮ್ಮ ಮನೆಯ ಹತ್ತಿರದ ಒಂದು ಜಾಗವನ್ನು ನಿಮ್ಮದು ಮಾಡಿಕೊಳ್ಳಿ. ನಾನಾದರೆ ಸಾಲ್ಟೇರ್‌ಗೆ ಹೋಗಿ ಅಂತೀನಿ. ಲೀಡ್ಸ್ ಸ್ಟೇಷನ್ನಿನಿಂದ ಕಾಲು ಗಂಟೆ ದಾರಿ ಅಷ್ಟೇ.

ಟೈಟಸ್ ಸಾಲ್ಟ್ ಎಂಬ ಉಣ್ಣೆ ವ್ಯಾಪಾರಿ 1853ರಲ್ಲಿ ಅಲ್ಲೊಂದು ಭಾರೀ ಮಿಲ್ ತೆರೆದ. ಜೊತೆಗೆ ಕೆಲಸಗಾರರಿಗೆ ಒಂದು ಊರನ್ನೇ ಕಟ್ಟಿಸಿದ. ಮನೆ, ಶಾಲೆ, ಆಸ್ಪತ್ರೆ, ಚರ್ಚು ಎಲ್ಲ ಕೊಟ್ಟ, ಹೆಂಡದಂಗಡಿ ಮಾತ್ರ ಕೊಡಲಿಲ್ಲ. ಬೀದಿಗಳಿಗೆ ಹೆಂಡತಿಯ, ಮಕ್ಕಳ ಹೆಸರಿಟ್ಟ. ಹೆಂಡತಿ ಕ್ಯಾರೊಲಿನ್ ಹೆಸರಿನ ಬೀದಿಯಲ್ಲಿ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. 2001ರಲ್ಲಿ ಊರಿಗೆ ಊರೇ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮಿಲ್ಲಿನೊಳಗೆ ಈಗ ಪಕ್ಕದ ಬ್ರಾಡ್‌ಫರ್ಡ್‌ನಲ್ಲೇ ಹುಟ್ಟಿದ ಡೇವಿಡ್ ಹಾಕ್ನಿಯ ಚಿತ್ರಗಳಿವೆ, ದೊಡ್ಡ ಪುಸ್ತಕದಂಗಡಿಯಿದೆ. ಒಳಗೆ ಹೋಗಲು ದುಡ್ಡಿಲ್ಲ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೊರಡಿ.

ಮಿಲ್ಲಿನ ಪಕ್ಕದಲ್ಲೇ ಲೀಡ್ಸ್–ಲಿವರ್‌ಪೂಲ್ ಕಾಲುವೆ. ಉದ್ದ 127 ಮೈಲಿ. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಾರಿ ಕಾಲುವೆಯ ಉದ್ದಕ್ಕೂ ಇದೆ. ಈಗ ಅದರಲ್ಲಿ ನಾಯಿ ಹಿಡಿದವರು, ಸೈಕಲ್ಲಿನವರು ಓಡಾಡುತ್ತಾರೆ. ಬಿಂಗ್ಲಿ ಕಡೆಗೆ ಮುಖ ಮಾಡಿ ನಡೆಯಿರಿ, ಮೂರು ಮೈಲಿ ಆಗಬಹುದು. ನೀರನ್ನು ಪಕ್ಕದಲ್ಲಿಟ್ಟುಕೊಂಡು ಹೋದರೆ ದಾರಿ ತಪ್ಪುವ ಮಾತೇ ಇಲ್ಲ. ಅದಕ್ಕೇ ಮೊದಲ ಸಲ ಒಬ್ಬರೇ ಹೋಗುವವರಿಗೆ ಕಾಲುವೆ ದಾರಿಯನ್ನೇ ಹೇಳುತ್ತೇನೆ. ನಡುವೆ ಒಂದು ಕಡೆ ಕಾಲುವೆಯೇ ಕಮಾನುಗಳ ಮೇಲೆ ಏರಿ ಏರ್ ನದಿಯನ್ನು ದಾಟುತ್ತದೆ. ಕೆಳಗೆ ನದಿ ಹರಿಯುತ್ತಿದ್ದರೆ ಮೇಲೆ ದೋಣಿ ಹೋಗುತ್ತಿರುತ್ತದೆ.

ಕೊನೆಗೆ ಸಿಗುವುದು ಬಿಂಗ್ಲಿಯ ಐದು ಲಾಕ್‌ಗಳು. ಇದನ್ನು ಮಾತ್ರ ಪುರುಸೊತ್ತಾಗಿ ನಿಂತು ನೋಡಿ. ಗುಡ್ಡ ಹತ್ತಬೇಕಾದ ದೋಣಿಗೆ ಕಲ್ಲಿನಲ್ಲಿ ಐದು ತೊಟ್ಟಿ ಕಟ್ಟಿದ್ದಾರೆ, ಒಂದರ ಮೇಲೊಂದು, ಮೆಟ್ಟಿಲಿನ ಹಾಗೆ. ದೋಣಿ ಕೆಳಗಿನ ತೊಟ್ಟಿಯೊಳಗೆ ಬರುತ್ತದೆ. ಹಿಂದಿನ ಮರದ ಬಾಗಿಲು ಮುಚ್ಚುತ್ತಾರೆ. ಮೇಲಿನ ತೊಟ್ಟಿಯ ನೀರನ್ನು ಕೆಳಕ್ಕೆ ಬಿಡುತ್ತಾರೆ. ನೀರು ಕುದಿಯುವ ಹಾಗೆ ನುಗ್ಗಿ ಬಂದು ದೋಣಿ ನಿಧಾನಕ್ಕೆ ಏಳುತ್ತದೆ. ಎರಡೂ ಕಡೆ ನೀರು ಸಮ ಆಗುವ ತನಕ ಮುಂದಿನ ಬಾಗಿಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಸಮ ಆದ ಮೇಲೆ ದೋಣಿಯವರು ಬಾಗಿಲಿನ ಉದ್ದ ತೊಲೆಗೆ ಬೆನ್ನು ಕೊಟ್ಟು, ಕಾಲು ಊರಿ, ಹಿಂದಕ್ಕೆ ತಳ್ಳುತ್ತಾರೆ. ಒಂದರ ಮೇಲ್ಬಾಗಿಲೇ ಇನ್ನೊಂದರ ಕೆಳಬಾಗಿಲು, ಹಾಗಾಗಿ ಕ್ರಮ ತಪ್ಪಿದರೆ ನೀರು ಉಕ್ಕಿಬಿಡುತ್ತದೆ. ಅದಕ್ಕೇ ನೋಡಿಕೊಳ್ಳಲು ಲಾಕ್‌ಕೀಪರ್ ಇರುತ್ತಾರೆ. ಐದೂ ದಾಟುವ ಹೊತ್ತಿಗೆ ದೋಣಿ ಸುಮಾರು 60 ಅಡಿ ಮೇಲೆ. ಮೋಟಾರ್ ಇಲ್ಲ, ಪಂಪ್ ಇಲ್ಲ. 1774ರಿಂದ ಹೀಗೇ ನಡೆದುಕೊಂಡು ಬಂದಿದೆ.

ಅಲ್ಲಿ ನಿಂತರೆ ಮಾತು ತಾನಾಗಿ ಶುರುವಾಗುತ್ತದೆ. ದೋಣಿಯವರೇ "ಬನ್ನಿ, ಒಂದು ಕೈ ಕೊಡಿ" ಅಂತ ಕರೆಯುತ್ತಾರೆ. ನನಗೆ ಈ ದೇಶದಲ್ಲಿ ಮೊದಲು ಪರಿಚಯವಾದ ಹೆಂಗಸು, ಅದೇ ತೊಲೆಯನ್ನು ನನ್ನ ಜೊತೆ ತಳ್ಳಿದವಳು. ಮನೆಯ ಸದ್ದಿಲ್ಲದ ಹಗಲು ಎಷ್ಟು ಭಾರ ಅಂತ ನನಗೆ ಗೊತ್ತು ತಂಗಿ. ಅದಕ್ಕೇ ಬರೀ ಕಟ್ಟಡ ನೋಡುವ ಜಾಗಕ್ಕಿಂತ, ಮನುಷ್ಯರು ಏನಾದರೂ ಕೆಲಸ ಮಾಡುತ್ತಿರುವ ಜಾಗ ಹುಡುಕಿ ಅನ್ನುತ್ತೇನೆ. ಬೇಸಿಗೆಯಲ್ಲಿ ದೋಣಿ ಜಾಸ್ತಿ. ವಾಪಸ್ ಬರಲು ಬಿಂಗ್ಲಿಯಲ್ಲೇ ರೈಲು ಹತ್ತಬಹುದು, ಅದೇ ಲೈನು.

ಭಯದ ವಿಷಯ. ಮೊದಲ ಸಲ ಸುಮ್ನೆ ಸಾಲ್ಟೇರ್ ತನಕ ಹೋಗಿ, ಟೀ ಕುಡಿದು ವಾಪಸ್ ಬನ್ನಿ. ಹೊರಟಾಗ, ತಲುಪಿದಾಗ ನಿಮ್ಮವರಿಗೆ ಒಂದು ಮೆಸೇಜ್ ಹಾಕಿ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಮೂರಕ್ಕೆಲ್ಲ ಸ್ಟೇಷನ್ ಸೇರಿಕೊಳ್ಳಿ. ಡಬ್ಬಿಯಲ್ಲಿ ಚಪಾತಿ ಪಲ್ಯ, ಫ್ಲಾಸ್ಕಿನಲ್ಲಿ ಕಾಫಿ ಇದ್ದರೆ ಖರ್ಚು ಟಿಕೆಟ್ಟಿಗಷ್ಟೇ. ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಲು ಸಂಕೋಚ ಬೇಡ, ಇಲ್ಲಿನವರೂ ಹಾಗೇ ಮಾಡುತ್ತಾರೆ.

ಪ್ರಶ್ನೆ: ಜೂನ್‌ನಲ್ಲಿ ಅತ್ತೆ ಮಾವ ರೆಡಿಂಗ್‌ಗೆ ಬರುತ್ತಿದ್ದಾರೆ. ಅತ್ತೆಗೆ ಮಂಡಿನೋವು, ಹೊರಗಿನ ಊಟ ಮಾಡುವುದಿಲ್ಲ. ಮಾವನಿಗೆ ವಚನಗಳೆಂದರೆ ಪ್ರಾಣ. ಯಜಮಾನರಿಗೆ ರಜೆ ಇಲ್ಲ, ಲಂಡನ್ ನಾನೇ ತೋರಿಸಬೇಕು. ಹೇಗೆ?
– ಓದುಗಿ, ರೆಡಿಂಗ್

ಉತ್ತರ: ದಿನಕ್ಕೆ ಎರಡೇ ಜಾಗ. ಮೂರನೆಯದಕ್ಕೆ ಆಸೆ ಪಡಬೇಡಿ. ಟ್ಯೂಬಿನ, ಅಂದರೆ ಲಂಡನ್ನಿನ ನೆಲದಡಿಯ ರೈಲಿನ, ಹಳೇ ಸ್ಟೇಷನ್ನುಗಳಲ್ಲಿ ಮೆಟ್ಟಿಲು ವಿಪರೀತ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ನಿಮ್ಮ ರೆಡಿಂಗ್‌ನಿಂದಲೇ ಹೊರಡುತ್ತದೆ, ಅದರ ಎಲ್ಲ ಸ್ಟೇಷನ್ನಲ್ಲೂ ಮೆಟ್ಟಿಲಿಲ್ಲದ ದಾರಿಯಿದೆ. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್‌ಗೆ ಬೇರೆ ವೇಗದ ರೈಲುಗಳಿವೆ ನಿಜ, ಆದರೆ ಮಂಡಿನೋವಿನವರಿಗೆ ಹತ್ತಿ ಇಳಿಯುವುದು ತಪ್ಪಿದರೆ ಅದೇ ಲಾಭ. ಊರೊಳಗೆ ಕೆಂಪು ಬಸ್ಸೇ ಸರಿ. ತಗ್ಗು ನೆಲ, ಕೂತಲ್ಲೇ ಊರು ಕಾಣುತ್ತದೆ.

ಮಾವನವರನ್ನು ಮೊದಲು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಕರೆದುಕೊಂಡು ಹೋಗಿ. ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಇದೆ. ಲಂಡನ್ನಿನದೇ ಭಾಗವಾದ ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರ್ಗಿಯ ನೀರಜ್ ಪಾಟೀಲ್ ಪಟ್ಟು ಹಿಡಿದು ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅಲ್ಲಿಂದ ನದಿಯಾಚೆ ಬ್ರಿಟಿಷ್ ಪಾರ್ಲಿಮೆಂಟ್ ಕಾಣುತ್ತದೆ. ಅನುಭವ ಮಂಟಪ ಕಟ್ಟಿದವನನ್ನು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಜಾಗ ಲಂಡನ್ನಿನಲ್ಲಿ ಇಲ್ಲ ಎಂದೇ ನನ್ನ ಭಾವನೆ. ಮಾವನವರಿಗೆ ಇಷ್ಟವಾದ ವಚನ ಹೇಳಿಸಿ, ಕೂತು ಕೇಳಿ.

ಇನ್ನೊಂದು ದಿನ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶಕ್ಕೆ ದುಡ್ಡಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತುಕೊಂಡು ಹೋದ ಟಿಪ್ಪುವಿನ ಮರದ ಹುಲಿ ಈ ಮ್ಯೂಸಿಯಂನದು. ಬಿದ್ದ ಸೈನಿಕನ ಮೇಲೆ ಕೂತಿರುವ ಹುಲಿ ಅದು, ಒಳಗೆ ಸದ್ದು ಹೊರಡಿಸುವ ವಾದ್ಯವಿದೆ. ನೋಡಿದಾಗಲೆಲ್ಲ ಇದು ನಮ್ಮೂರಲ್ಲಿರಬೇಕಿತ್ತು ಅನ್ನಿಸುತ್ತದೆ ನನಗೆ. ನೀವು ಹೋಗುವಾಗ ಅದು ಪ್ರದರ್ಶನದಲ್ಲಿ ಇರುತ್ತದೆಯೇ ಅಂತ ಮೊದಲೇ ವಿಚಾರಿಸಿ. ಅತ್ತೆಯವರಿಗೆ ಗಾಲಿಕುರ್ಚಿ ಬೇಕಾದರೆ ಅದನ್ನೂ ಆಗಲೇ ಕೇಳಿ.

ನೀಸ್ಡನ್‌ನ ಸ್ವಾಮಿನಾರಾಯಣ ಮಂದಿರಕ್ಕೆ ಒಂದು ದಿನ ಇಡಿ. 1995ರಲ್ಲಿ ತೆರೆದ, ಸುಣ್ಣಕಲ್ಲು ಮತ್ತು ಅಮೃತಶಿಲೆಯ ಗುಡಿ. ಎದುರಲ್ಲೇ ಸಸ್ಯಾಹಾರಿ ಹೋಟೆಲ್ ಇದೆ, ಅತ್ತೆಯವರು ಅಲ್ಲಾದರೂ ಒಪ್ಪಬಹುದು. ಒಪ್ಪದಿದ್ದರೆ ಒತ್ತಾಯ ಬೇಡ, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಯಾವುದಕ್ಕೂ ಆತುರವಿಲ್ಲ.

ಪ್ರಶ್ನೆ: ಸುತ್ತಾಡಲು ಹೋಗುವಾಗ ಛತ್ರಿ ಒಳ್ಳೆಯದೋ, ಮಳೆ ಜಾಕೆಟ್ಟೋ?
– ಮ್ಯಾಂಚೆಸ್ಟರ್‌ನಿಂದ ಒಬ್ಬರು

ಉತ್ತರ: ಜಾಕೆಟ್ಟು. ಇಲ್ಲಿನ ಗಾಳಿಗೆ ಛತ್ರಿ ತಲೆಕೆಳಗಾಗುತ್ತದೆ. ತಲೆಗೆ ಟೋಪಿ ಇರುವ, ಸೊಂಟದ ಕೆಳಗೆ ಬರುವಂಥದ್ದು ತಗೊಳ್ಳಿ. ಅದಕ್ಕಿಂತ ಮುಖ್ಯ ಶೂ. ಹೊಲದ ದಾರಿಯಲ್ಲಿ ನಡೆಯುವುದಾದರೆ ನೀರು ಇಳಿಯದ ಬೂಟು ಬೇಕೇ ಬೇಕು. ಹೊಸದೇ ಆಗಬೇಕು ಅಂತಿಲ್ಲ, ಬಳಸಿದ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಹುಡುಕಿ. ಒಳಗೆ ದಪ್ಪ ಉಣ್ಣೆ ಸಾಕ್ಸ್ ಹಿಡಿಸುವ ಅಳತೆಯದನ್ನೇ ಕೊಳ್ಳಿ.